ಕಾಂತರಾಜು ಕೇಳಿದ ಎರಡು ಪ್ರಶ್ನೆ

ಕಾಂತರಾಜು ಅವರನ್ನು ನಾನು ಮೊದಲು ಕಂಡದ್ದು ಅವರದೇ ಬಸ್ಸಿನಲ್ಲಿ. ನನ್ನ ಕೈಯಲ್ಲಿ ಪೋಸ್ಟರುಗಳ ಸುರುಳಿ ಇತ್ತು, ಅವರ ಕೈಯಲ್ಲಿ ಟಿಕೆಟ್ ಮೆಷೀನು.

ದೇವನಹಳ್ಳಿಯಿಂದ ಅದೇ ತಾಲ್ಲೂಕಿನ ವಿಜಯಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ. ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಗೆ ಅಲ್ಲಿ ಒಂದು ಉಪನ್ಯಾಸವೋ ಸಿನಿಮಾವೋ ಇರುತ್ತದೆ. ಯಾರು ಬೇಕಾದರೂ ಬರಬಹುದು, ಪುಕ್ಕಟೆ. ಮಾತಾಡುವವರನ್ನು ಗೊತ್ತು ಮಾಡುವುದರಿಂದ ಹಿಡಿದು ಮೈಕು, ಕುರ್ಚಿ, ಕೊನೆಯ ಟೀ ತನಕ ಎಲ್ಲ ನನ್ನ ಪಾಲಿಗೆ ಬಂದ ಜವಾಬ್ದಾರಿ. ಮೊದಲ ವರ್ಷ ಮುನ್ನೂರು ಜನ ಹಿಡಿಸುವ ಸಭಾಂಗಣಕ್ಕೆ ಹಾಜರಾತಿಯ ಭಯದಿಂದ ಬಂದ ನಲವತ್ತು ವಿದ್ಯಾರ್ಥಿಗಳು ಬಿಟ್ಟರೆ ಬೇರೆ ಯಾರೂ ಬರಲಿಲ್ಲ. ನಮ್ಮ ಗೇಟಿನ ಎತ್ತರ, ಅಲ್ಲಿ ನಿಂತ ಸೆಕ್ಯುರಿಟಿಯವರ ಟೋಪಿ ನೋಡಿಯೇ ಸುತ್ತಲಿನ ಹಳ್ಳಿಯವರು ಹಿಂದಕ್ಕೆ ಹೋಗುತ್ತಿದ್ದರು. ಆಮೇಲೆ ನಾನು ಕನ್ನಡದಲ್ಲಿ ಪೋಸ್ಟರ್ ಮಾಡಿಸಿ, ಬಸ್ಸುಗಳಲ್ಲಿ ಅಂಟಿಸಲು ಹೊರಟೆ.

ಕಾಂತರಾಜು ಪೋಸ್ಟರನ್ನು ಬಿಡಿಸಿ, ಬಸ್ಸು ಅಲ್ಲಾಡುತ್ತಿದ್ದರೂ ಕಂಬಕ್ಕೆ ಬೆನ್ನು ಕೊಟ್ಟು ಪೂರ್ತಿ ಓದಿದರು. ಐವತ್ತನಾಲ್ಕು ಐವತ್ತೈದರ ವಯಸ್ಸು, ನರೆತ ಮೀಸೆ, ಎದೆಯ ಜೇಬಿನಲ್ಲಿ ಮೂರು ಪೆನ್ನು.

"ಸಾರ್ವಜನಿಕರು ಅಂತ ಬರ್ದಿದೀರಲ್ಲ ಮೇಡಂ, ಅದ್ರಲ್ಲಿ ನಾವೂ ಸೇರ್ತೀವಾ?" ಅಂದರು.

"ನಿಮಗೋಸ್ಕರಾನೇ ಮಾಡಿರೋದು ಸಾರ್."

"ಯೂನಿಫಾರ್ಮಲ್ಲಿ ಬಂದ್ರೆ ಒಳಗೆ ಬಿಡ್ತಾರಾ? ಶನಿವಾರ ನಂದು ಮೂರು ಗಂಟೆಗೆ ಡ್ಯೂಟಿ ಮುಗಿಯುತ್ತೆ. ಮನೆಗೆ ಹೋಗಿ ಬರೋಷ್ಟು ಹೊತ್ತಿರಲ್ಲ."

ಬನ್ನಿ ಅಂದೆ. ಆ ಶನಿವಾರವೇ ಬಂದರು. ಮುಖ ತೊಳೆದು, ತಲೆ ಬಾಚಿ, ಖಾಕಿ ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು, ಎರಡನೇ ಸಾಲಿನಲ್ಲಿ ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತರು. ಅಂದಿನ ಮಾತು ಇರುವೆಗಳ ಬಗ್ಗೆ. ಒಂದೂಕಾಲು ಗಂಟೆ ಅಲ್ಲಾಡದೆ ಕೇಳಿದರು. ಹೊರಡುವಾಗ ನನ್ನ ಹತ್ತಿರ ಬಂದು, "ಇಷ್ಟು ದಿನ ಅದನ್ನ ತುಳ್ಕೊಂಡೇ ಓಡಾಡ್ತಿದ್ವಲ್ಲ ಮೇಡಂ" ಅಂದು ಹೋದರು.

ಅಲ್ಲಿಂದ ಎರಡು ವರ್ಷ ಅವರು ತಪ್ಪಿಸಿದ ಶನಿವಾರಗಳನ್ನು ಬೆರಳಲ್ಲಿ ಎಣಿಸಬಹುದು. ಹತ್ತನೇ ಕ್ಲಾಸಿನ ತನಕ ಓದಿದವರು. ಮುಂದೆ ಓದಬೇಕೆಂಬ ಆಸೆ ಇತ್ತಂತೆ, ಅಷ್ಟರಲ್ಲಿ ಅಪ್ಪ ತೀರಿಕೊಂಡು ಕೆಲಸ ಹುಡುಕಬೇಕಾಯಿತು. ಅಂತರ್ಜಲ, ಗ್ರಹಣ, ಹಳೆಯ ಶಾಸನಗಳು, ಜೇನುಹುಳ, ನಿದ್ದೆ – ಯಾವ ವಿಷಯವಾದರೂ ಸರಿ. ಕೇಳಿದ್ದನ್ನು ಒಂದು ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಸೋಮವಾರದಿಂದ ಶುಕ್ರವಾರದ ತನಕ ಟಿಕೆಟ್ ಕೊಡುತ್ತ ಕೊಡುತ್ತ, "ಈ ಶನಿವಾರ ಕೆರೆ ಹಕ್ಕಿ ಬಗ್ಗೆ ಐತೆ, ಬನ್ರಪ್ಪ, ಯಾರೂ ಏನೂ ಕೇಳಲ್ಲ" ಎಂದು ಹೇಳುವುದು ಅವರ ಅಭ್ಯಾಸವಾಯಿತು. ರೇಷ್ಮೆ ಗೂಡು ಮಾರಿ ಹಿಂದಿರುಗುವ ರೈತರು, ನಿವೃತ್ತ ಮೇಷ್ಟ್ರುಗಳು, ರೇಷ್ಮೆ ನೂಲನ್ನು ಹುರಿ ಮಾಡುವ ಟ್ವಿಸ್ಟಿಂಗ್ ಯೂನಿಟ್ಟಿನ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ನನ್ನ ಪೋಸ್ಟರಿಗಿಂತ ಅವರ ಬಾಯಿಮಾತು ಹೆಚ್ಚು ಕೆಲಸ ಮಾಡಿತು.

ಸಿನಿಮಾ ಇರುವ ಶನಿವಾರಗಳಲ್ಲಿ ಹೆಂಡತಿ ನರಸಮ್ಮನವರನ್ನೂ ತಮ್ಮ ಬಸ್ಸಿನಲ್ಲೇ ಹತ್ತಿಸಿಕೊಂಡು ಬರುತ್ತಿದ್ದರು. ವಿಜಯಪುರದಿಂದ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಅವರ ಮನೆ. ನರಸಮ್ಮ ಸಣಕಲು ಹೆಂಗಸು, ಮಾತು ಕಡಿಮೆ. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವರು. ಯಾವ ದೇಶದ ಸಿನಿಮಾ ಹಾಕಿದರೂ, ಭಾಷೆ ತಿಳಿಯದಿದ್ದರೂ, ಕಥೆ ಅವರಿಗೆ ತಪ್ಪದೆ ಅರ್ಥವಾಗುತ್ತಿತ್ತು. ಮುಗಿದ ಮೇಲೆ ಟೀ ಲೋಟ ಹಿಡಿದು ನನ್ನ ಪಕ್ಕ ಬಂದು ನಿಲ್ಲುವರು.

"ಆ ಮೇಕೆ ಮೇಯ್ಸೋ ಹುಡುಗಿ ಆಮೇಲೆ ಏನಾದ್ಲು ಕಣಮ್ಮ?"

"ಸಿನಿಮಾ ಅಲ್ಲಿಗೇ ಮುಗೀತಲ್ಲಮ್ಮ."

"ಮುಗೀತು ಸರಿ. ಹುಡುಗಿ ಏನಾದ್ಲು?"

ಪ್ರತಿ ಸಲ ಮಕ್ಕಳ ಬಗ್ಗೆಯೇ ಕೇಳುತ್ತಿದ್ದರು. ನಾನು ತೋಚಿದ್ದು ಹೇಳುತ್ತಿದ್ದೆ: ಓದಿ ಮುಂದೆ ಬಂದಿರುತ್ತಾಳೆ, ಮದುವೆಯಾಗಿ ಸುಖವಾಗಿರುತ್ತಾಳೆ. ಅವರು ತಲೆಯಾಡಿಸುತ್ತಿದ್ದರು. ಅವರಿಗೆ ಮಕ್ಕಳಿಲ್ಲವೆಂದೇ ನಾನು ತಿಳಿದಿದ್ದೆ.

ಹಿಂದೆ ಹದಿನೆಂಟು ವರ್ಷ ವಿಜಯಪುರದ ಒಂದು ರೀಲಿಂಗ್ ಯೂನಿಟ್ಟಿನಲ್ಲಿ ಅವರು ನೂಲು ತೆಗೆದಿದ್ದರು. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡುವ ಕೆಲಸ. ಈಗ ಬಿಟ್ಟು ಹನ್ನೊಂದು ವರ್ಷವಾಯಿತು ಎಂದು ಒಮ್ಮೆ ಹೇಳಿದ್ದರು. ಯಾಕೆ ಬಿಟ್ಟಿರಿ ಅಂದಾಗ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ಸಾಕಾಯ್ತು" ಅಂದರು.

ಮೂರನೇ ವರ್ಷದ ಫೆಬ್ರವರಿಯಲ್ಲಿ ಮಕ್ಕಳ ಹೃದಯದ ಡಾಕ್ಟರು ಜ್ಯೋತಿಲಕ್ಷ್ಮಿ ಅವರನ್ನು ಕರೆಸಿದ್ದೆ. ವಿಷಯ, 'ಗಂಟಲು ನೋವು ಮತ್ತು ಮಕ್ಕಳ ಹೃದಯ'. ಮಾತಿಗೆ ಮುಂಚೆ ಇಪ್ಪತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ. ಉಪನ್ಯಾಸದ ದಿನವಾದ್ದರಿಂದ ನರಸಮ್ಮ ಬಂದಿರಲಿಲ್ಲ. ಕಾಂತರಾಜು ಎಂದಿನ ಕುರ್ಚಿಯಲ್ಲಿ ಡೈರಿ ಬಿಚ್ಚಿ ಕೂತಿದ್ದರು.

ಚಿತ್ರದಲ್ಲಿ ಯಾವುದೋ ಹಳ್ಳಿಯ ಹತ್ತು ವರ್ಷದ ಹುಡುಗಿ. ಅವಳಿಗೆ ಗಂಟಲು ನೋವು ಬಂದು ಹೋಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಜ್ವರ, ಮಂಡಿ ಊದುತ್ತದೆ. ಮಂಡಿ ಇಳಿಯುವಷ್ಟರಲ್ಲಿ ಮೊಣಕೈ. ಆಮೇಲೆ ಮಣಿಕಟ್ಟು. ತಾಯಿ ಎಣ್ಣೆ ಕಾಯಿಸಿ ತಿಕ್ಕುತ್ತಾಳೆ. ಕೊನೆಗೊಬ್ಬ ಡಾಕ್ಟರು ನೋಡಿ, ಇದು ರುಮ್ಯಾಟಿಕ್ ಜ್ವರ, ಇಪ್ಪತ್ತೊಂದು ದಿನಕ್ಕೊಮ್ಮೆ ಒಂದು ಇಂಜೆಕ್ಷನ್ ಬೇಕು, ವರ್ಷಗಟ್ಟಲೆ ಬೇಕು ಎನ್ನುತ್ತಾರೆ. ಸೂಜಿಯನ್ನು ಕಂಡು ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಾಳೆ.

ಅಲ್ಲಿ ಕಾಂತರಾಜು ಕುರ್ಚಿಯಿಂದ ಅರ್ಧ ಎದ್ದರು. ಹೊರಗೆ ಹೋಗುತ್ತಾರೇನೋ ಅಂದುಕೊಂಡೆ. ಮತ್ತೆ ಕೂತರು.

ಡಾಕ್ಟರು ಬಹಳ ಸರಳವಾಗಿ ಹೇಳಿದರು. ಈ ಜ್ವರ ಕೀಲುಗಳನ್ನು ಬಿಟ್ಟು ಹೋಗುತ್ತದೆ, ಆದರೆ ಹೃದಯದ ಕವಾಟಗಳಿಗೆ ಗಾಯ ಮಾಡಬಹುದು. ಪ್ರತಿ ಸಲ ಮರಳಿ ಬಂದಾಗಲೂ ಗಾಯ ಹೆಚ್ಚಾಗುತ್ತದೆ. ಮರಳಿ ಬಾರದಂತೆ ತಡೆಯುವುದು ಆ ಇಂಜೆಕ್ಷನ್ ಒಂದೇ. ಮಗು ಆರಾಮಾಗಿ ಓಡಾಡುತ್ತಿದೆ ಎಂದು ತಂದೆತಾಯಿ ನಿಲ್ಲಿಸಿಬಿಡುತ್ತಾರೆ, ನಾವು ಮಕ್ಕಳನ್ನು ಕಳೆದುಕೊಳ್ಳುವುದು ಅಲ್ಲಿ, ಅಂದರು.

ಪ್ರಶ್ನೆಗಳ ಹೊತ್ತು ಬಂತು. ಎರಡು ವರ್ಷದಲ್ಲಿ ಒಮ್ಮೆಯೂ ಮೈಕು ಮುಟ್ಟದಿದ್ದ ಕಾಂತರಾಜು ಕೈಯೆತ್ತಿದರು. ನಾನೇ ಮೈಕು ತೆಗೆದುಕೊಂಡು ಹೋಗಿ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಮೊದಲ ಸಲವಲ್ಲವೇ, ಸಭಾಕಂಪನ ಅಂದುಕೊಂಡೆ.

"ಡಾಕ್ಟ್ರೇ, ರೇಷ್ಮೆ ನೂಲು ತೆಗೆಯೋ ಕಡೆ ಬಿಸಿನೀರಲ್ಲಿ ಕೈಯಿಟ್ಟು, ಒದ್ದೆ ನೆಲದಲ್ಲಿ ಕೂತು ಮಗು ಕೆಲಸ ಮಾಡಿದ್ರೆ ಈ ಕಾಯಿಲೆ ಬರುತ್ತಾ?"

"ಇಲ್ಲ. ಮಕ್ಕಳ ಹತ್ತಿರ ಅಂಥ ಕೆಲಸ ಮಾಡಿಸಬಾರದು, ಅದು ಬೇರೆ ಮಾತು. ಆದರೆ ಬಿಸಿನೀರಿಗೂ ಒದ್ದೆಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ಇದು ಗಂಟಲಿನ ಸೋಂಕಿನಿಂದ ಬರೋದು."

"ಖಂಡಿತ ಇಲ್ವಾ?"

"ಖಂಡಿತ ಇಲ್ಲ."

ಕಾಂತರಾಜು ಮೈಕು ವಾಪಸು ಕೊಡಲಿಲ್ಲ. ಆಮೇಲೆ ಕೇಳಿದರು:

"ಒಂದು ವರ್ಷ ಇಂಜೆಕ್ಷನ್ ಹಾಕ್ಸಿ, ಆಮೇಲೆ ನಿಲ್ಲಿಸಿದ್ರೆ?"

"ನಿಲ್ಲಿಸಬಾರದು. ನಿಲ್ಲಿಸಿದ ಮೇಲೆ ಮತ್ತೆ ಬಂದು ಕವಾಟ ಪೂರ್ತಿ ಕೆಡಬಹುದು. ಯಾರಿಗೋಸ್ಕರ ಕೇಳ್ತಿದ್ದೀರಿ? ಮಗುವಿಗೆ ಈಗ ಎಷ್ಟು ವಯಸ್ಸು? ಕರ್ಕೊಂಡು ಬನ್ನಿ, ನೋಡೋಣ."

ಕಾಂತರಾಜು ಮೈಕನ್ನು ಪಕ್ಕದವರ ಕೈಗಿಟ್ಟು ಹೊರಗೆ ನಡೆದರು. ಅವರ ಚೀಲ, ಡೈರಿ ಕುರ್ಚಿಯ ಮೇಲೇ ಉಳಿದವು.

ಕಾರ್ಯಕ್ರಮ ಮುಗಿಸಿ ಅವನ್ನು ಹಿಡಿದು ಹೊರಗೆ ಬಂದಾಗ ಗೇಟಿನಾಚೆಯ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವರು ಇದ್ದರು. ವಿಜಯಪುರದ ಕಡೆಯ ಎರಡು ಬಸ್ಸು ಅಷ್ಟರಲ್ಲಿ ಹೋಗಿದ್ದವು. ನಾನು ಪಕ್ಕದಲ್ಲಿ ಕೂತೆ.

"ನನಗೊಬ್ಳು ಮಗಳಿದ್ಲು ಮೇಡಂ. ಮಮತ ಅಂತ" ಅಂದರು.

ಆ ಸಂಜೆ ಅವರು ಹೇಳಿದ್ದು ಇಷ್ಟು.

ಬೇಸಿಗೆ ರಜೆಯಲ್ಲಿ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನರಸಮ್ಮ ಮಗಳನ್ನು ತನ್ನ ಜೊತೆಗೇ ರೀಲಿಂಗ್ ಯೂನಿಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗಿಗೆ ಅಲ್ಲಿ ಆಟ. ತಾಯಿಯಂತೆಯೇ ನೀರಿನಲ್ಲಿ ಬೆರಳು ಅದ್ದಿ ಎಳೆ ಹುಡುಕುವುದೆಂದರೆ ಖುಷಿ. ಹತ್ತನೇ ವರ್ಷದ ಆ ರಜೆ ಮುಗಿದು ಸ್ಕೂಲು ಶುರುವಾಗುತ್ತಲೇ ಮಂಡಿ ಊದಿತು. ಊರಿನಲ್ಲಿ ಎಲ್ಲರೂ ನೀರಿನ ದೋಷ ಎಂದರು. ಕಾಂತರಾಜು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಒಂದು ಕಾರ್ಡಿನಲ್ಲಿ ಬರೆದು, ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್, ತಪ್ಪಿಸಬೇಡಿ ಎಂದರು. ಯಾಕೆ, ಎಷ್ಟು ವರ್ಷ ಎಂದು ಹೇಳುವಷ್ಟು ಅವರಿಗೆ ಪುರಸೊತ್ತಿರಲಿಲ್ಲ, ಕೇಳುವಷ್ಟು ಇವರಿಗೆ ತಿಳಿದಿರಲಿಲ್ಲ.

ಹದಿನೈದು ತಿಂಗಳು ತಪ್ಪದೆ ಹಾಕಿಸಿದರು. ಆ ಇಂಜೆಕ್ಷನ್ ಬಹಳ ನೋವಿನದು. ಎರಡು ದಿನ ಹುಡುಗಿ ಕಾಲೆಳೆದು ನಡೆಯುತ್ತಿದ್ದಳು. ಅಷ್ಟರಲ್ಲಿ ಕೀಲುನೋವು ಪೂರ್ತಿ ಹೋಗಿತ್ತು. ಸ್ಕೂಲಿನ ಖೋ ಖೋ ತಂಡದಲ್ಲಿ ಆಡುತ್ತಿದ್ದಳು. ಒಂದು ದಿನ ಆಸ್ಪತ್ರೆಯ ಗೇಟಿನ ಸರಳು ಹಿಡಿದುಕೊಂಡು, "ಅಪ್ಪ, ಇವತ್ತೊಂದಿನ ಬೇಡಪ್ಪ" ಎಂದು ಅತ್ತಳು.

"ಆಯ್ತು ಬಾ ಅಂದ್ಬಿಟ್ಟೆ ಮೇಡಂ. ಬೇಕರಿಗೆ ಕರ್ಕೊಂಡು ಹೋಗಿ ಬನ್ನು ಕೊಡಿಸ್ದೆ. ಅವಳು ಕುಣ್ಕೊಂಡು ಮನೆಗೆ ಬಂದ್ಲು. ಮುಂದಿನ ತಿಂಗ್ಳೂ ಹಂಗೇ ಆಯ್ತು. ಆಮೇಲೆ ಬಿಟ್ಟೇಬಿಟ್ವಿ."

"ಮನೇಲಿ ಕೇಳಲಿಲ್ವಾ?"

"ಕೇಳಿದ್ಲು. ಯಾಕೆ ಸೂಜಿ ಹಾಕಿಸ್ತಿಲ್ಲ ಅಂದ್ಲು. ಡಾಕ್ಟ್ರೇ ಸಾಕು ಅಂದ್ರು ಅಂತ ಹೇಳ್ದೆ." ರಸ್ತೆಯ ಕಡೆ ನೋಡುತ್ತ ಮತ್ತೆ ಹೇಳಿದರು. "ಡಾಕ್ಟ್ರು ಹಂಗೆ ಅಂದಿರ್ಲಿಲ್ಲ."

ಮಮತ ಹತ್ತನೇ ಕ್ಲಾಸಿಗೆ ಬಂದಾಗ ಮಹಡಿ ಮೇಲಿನ ಕೊಠಡಿಗೆ ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳಂತೆ. ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಮತ್ತೆ ಸೂಜಿ ಎಂಬ ಭಯ. ಪರೀಕ್ಷೆಯೆಲ್ಲ ಮುಗಿದು, ಕಾಲು ಊದಿದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, "ಇಂಜೆಕ್ಷನ್ ಹಾಕಿಸ್ತಿದ್ರಾ?" ಎಂದು ಕೇಳಿದ್ದರು. "ಮೊದಲು ಹಾಕಿಸ್ತಿದ್ವಿ" ಅಂದರಂತೆ ಇವರು. ಆ ಡಾಕ್ಟರು ಏನೂ ಹೇಳದೆ ಬರೆದುಕೊಂಡರು. ಏನೂ ಹೇಳಲಿಲ್ಲವಲ್ಲ, ಅಂದರೆ ಅದರಿಂದ ಅಲ್ಲ ಎಂದು ಕಾಂತರಾಜು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಒಂಬತ್ತನೇ ದಿನ ಮಗಳು ತೀರಿಕೊಂಡಳು. ಹದಿನೈದು ತುಂಬಿತ್ತು.

"ಅವತ್ತು ಆಸ್ಪತ್ರೆ ಬಾಗ್ಲಲ್ಲಿ ನಮ್ಮಕ್ಕ, ಭಾವ, ಊರೋರು ಎಲ್ಲ ನಿಂತಿದ್ರು. ಎಲ್ರ ಮುಂದೆ ಹೆಂಡ್ತಿಗೆ ಅಂದೆ. ಆ ನೀರಲ್ಲಿ ಕೂರಿಸಿ ಕೂರಿಸಿ ನನ್ನ ಮಗಳನ್ನ ಕೊಂದ್ಬಿಟ್ಟೆ ನೀನು ಅಂದೆ. ಅವಳು ತಿರುಗಿ ಒಂದು ಮಾತಾಡ್ಲಿಲ್ಲ ಮೇಡಂ. ಇವತ್ತಿನವರೆಗೂ ಆಡಿಲ್ಲ."

ಚೀಲ, ಡೈರಿ ಅವರ ತೊಡೆಯ ಮೇಲಿಟ್ಟೆ. ಮುಂದಿನ ಬಸ್ಸು ಬಂತು. ಅದರ ಕಂಡಕ್ಟರು ಗುರುತು ಹಿಡಿದು, "ಏನ್ ಗುರು, ಇಲ್ಲಿ ಕೂತ್ಬಿಟ್ಟಿದೀಯ?" ಎಂದು ಕೂಗಿದ. ಕಾಂತರಾಜು ಹತ್ತಿದರು.

ಆಮೇಲೆ ಐದು ಶನಿವಾರ ಅವರು ಬರಲಿಲ್ಲ. ಬಸ್ಸಿನಲ್ಲಿ ಸಿಕ್ಕಾಗ ಮುಖ ನೋಡದೆ ಟಿಕೆಟ್ ಹರಿದು ಕೊಡುತ್ತಿದ್ದರು. ನನಗೆ ರಾತ್ರಿ ಹಗಲು ಅದೇ ಯೋಚನೆ. ಆ ಪೋಸ್ಟರು ಅಂಟಿಸದಿದ್ದರೆ ಅವರು ಹೇಗೋ ಒಂದು ಸಮಾಧಾನದಲ್ಲಿ ಇರುತ್ತಿದ್ದರಲ್ಲ ಅನ್ನಿಸುತ್ತಿತ್ತು. ತಿಳಿವಳಿಕೆ ಒಳ್ಳೆಯದು ಎಂದು ಹೇಳುವುದೇ ನನ್ನ ಉದ್ಯೋಗ. ಆ ಐದು ವಾರ ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡುವುದೂ ಕಷ್ಟವಾಯಿತು.

ಮಾರ್ಚಿನ ಒಂದು ದಿನ ಬಸ್ಸು ಖಾಲಿಯಿತ್ತು. ಅವರೇ ಬಂದು ಎದುರಿನ ಸೀಟಿನಲ್ಲಿ ಕೂತರು.

"ಅವಳಿಗೆ ಹೇಳ್ಬೇಕಾ ಮೇಡಂ?"

"ಹನ್ನೊಂದು ವರ್ಷ ಆಯ್ತಲ್ಲ ಸಾರ್. ಈಗ ಹೇಳಿ ಏನು ಪ್ರಯೋಜನ? ಇಬ್ಬರಿಗೂ ನೋವು" ಅಂದೆ. ಒಳ್ಳೆಯ ಮಾತು ಹೇಳಿದೆನೆಂದೇ ನನ್ನ ಎಣಿಕೆ.

ಕಾಂತರಾಜು ತಲೆಯಲ್ಲಾಡಿಸಿದರು. "ಅವಳು ಅವತ್ತಿಂದ ಬಿಸಿನೀರು ಮುಟ್ಟಲ್ಲ. ಮಾಗಿ ಚಳೀಲೂ ತಣ್ಣೀರಲ್ಲೇ ಸ್ನಾನ ಮಾಡ್ತಾಳೆ. ನಾನು ದಿನಾ ಬೆಳಿಗ್ಗೆ ನಡುಗೋದು ನೋಡ್ಕೊಂಡು ಡ್ಯೂಟಿಗೆ ಬರ್ತೀನಿ. ಗೊತ್ತಿಲ್ದೆ ಇದ್ದಾಗ ನೋಡ್ಬೋದಿತ್ತು ಮೇಡಂ. ಈಗ ನೋಡೋಕಾಗ್ತಿಲ್ಲ."

ಆ ಭಾನುವಾರವೇ ಹೇಳಿದರು. ನರಸಮ್ಮ ಹಜಾರದ ಮೂಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರಂತೆ. ಕಾಂತರಾಜು ಎದುರಿಗೆ ಕೂತು ಮೊದಲಿನಿಂದ ಕೊನೆಯ ತನಕ ಹೇಳಿದರು: ಗಂಟಲು ನೋವು, ಸೂಜಿ, ಗೇಟು, ಬನ್ನು, ಡಾಕ್ಟರ ಮಾತು. ನರಸಮ್ಮ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಗುಡ್ಡೆ ಮುಗಿದ ಮೇಲೆ ಕೈ ಒರೆಸಿಕೊಂಡು ಒಂದೇ ಮಾತು ಕೇಳಿದರು.

"ಡಾಕ್ಟ್ರೇ ಸಾಕು ಅಂದ್ರು ಅಂತ ಅವತ್ತು ಹೇಳಿದ್ರಲ್ಲ. ಅದು ಸುಳ್ಳಾ?"

"ಹೂಂ."

ಎದ್ದು ಒಳಗೆ ಹೋಗಿ ಎರಡು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಸಮೇತನಹಳ್ಳಿಯಲ್ಲಿದ್ದ ತಂಗಿ ಪಾಪಕ್ಕನ ಮನೆಗೆ ಹೊರಟುಬಿಟ್ಟರು. ಗಂಡ ಬಸ್ ಸ್ಟ್ಯಾಂಡಿನ ತನಕ ಹಿಂದೆ ಹಿಂದೆ ಹೋದರು. ನರಸಮ್ಮ ತಿರುಗಿ ನೋಡಲಿಲ್ಲ.

ಏಪ್ರಿಲ್ ಮಧ್ಯದಲ್ಲಿ, ಒಂದು ಬುಧವಾರ ಬೆಳಿಗ್ಗೆ ಗೇಟಿನಿಂದ ಫೋನು ಬಂತು. ಯಾರೋ ಹೆಂಗಸು, ಸಿನಿಮಾ ತೋರಿಸುವ ಅಮ್ಮನನ್ನು ನೋಡಬೇಕು ಎನ್ನುತ್ತಿದ್ದಾರೆ ಎಂದರು. ಹೋದರೆ ನರಸಮ್ಮ. ಸಮೇತನಹಳ್ಳಿಯಿಂದ ಹೊಸಕೋಟೆಗೆ ಬಂದು, ಅಲ್ಲಿಂದ ಮತ್ತೆರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಮೊದಲೇ ಸಣಕಲು, ಈಗ ಇನ್ನೂ ಇಳಿದುಹೋಗಿದ್ದರು.

"ಅವತ್ತು ತೋರ್ಸಿದ್ಯಂತಲ್ಲ ಕಣಮ್ಮ, ಅದನ್ನ ನನಗೆ ತೋರ್ಸು. ಅವ್ರ ಬಾಯಲ್ಲಿ ಕೇಳಿದ್ದು ಸಾಲ್ದು."

ನಮ್ಮ ಎಲ್ಲ ಕಾರ್ಯಕ್ರಮಗಳನ್ನೂ ರೆಕಾರ್ಡ್ ಮಾಡಿ ಇಟ್ಟಿರುತ್ತೇವೆ. ಲೈಬ್ರರಿಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ ಕಂಪ್ಯೂಟರಿನಲ್ಲಿ ಹಾಕಿದೆ. ಹುಡುಗಿ ಚೌಕಟ್ಟು ಹಿಡಿದು ಅಳುವಲ್ಲಿ ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಅದು ಮುಗಿಯುವ ತನಕ ಹಾಗೆಯೇ ಇದ್ದರು. ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಗಂಡನ ದನಿ ಬಂತು. ಕ್ಯಾಮೆರಾ ವೇದಿಕೆಯ ಕಡೆಗೆ ತಿರುಗಿದ್ದುದರಿಂದ ಅವರು ಕಾಣುವುದಿಲ್ಲ, ದನಿ ಮಾತ್ರ.

"ಡಾಕ್ಟ್ರೇ, ರೇಷ್ಮೆ ನೂಲು ತೆಗೆಯೋ ಕಡೆ ಬಿಸಿನೀರಲ್ಲಿ ಕೈಯಿಟ್ಟು..."

"ಇನ್ನೊಂದ್ಸಲ ಹಾಕು" ಅಂದರು ನರಸಮ್ಮ.

ಹಾಕಿದೆ. ಮತ್ತೆ ಹಾಕು ಅಂದರು. ಮೂರು ಸಲ ಕೇಳಿದರು. ಖಂಡಿತ ಇಲ್ಲ ಎಂದು ಡಾಕ್ಟರು ಹೇಳುವಾಗ ಪ್ರತಿ ಸಲವೂ ಅವರ ತುಟಿ ಅಲ್ಲಾಡುತ್ತಿತ್ತು.

"ಮೊದ್ಲು ಇದನ್ನೇ ಕೇಳಿದ್ರಾ?"

"ಹೌದಮ್ಮ. ಇಂಜೆಕ್ಷನ್ ವಿಷಯ ಆಮೇಲೆ."

ನಾನು ನೀರು ತಂದುಕೊಟ್ಟೆ, ಕುಡಿಯಲಿಲ್ಲ.

"ಹನ್ನೊಂದು ವರ್ಷ ನಾನು ಯಾರ ಮನೆ ಮಗೂನೂ ಎತ್ಕೊಂಡಿಲ್ಲ" ಅಂದರು. "ನಮ್ಮ ಪಾಪಕ್ಕನ ಮೊಮ್ಮಗೂನೂ ಮುಟ್ಟಿಲ್ಲ. ಮುಟ್ಟಿದ್ರೆ ಏನಾಗುತ್ತೋ ಅಂತ. ಅವ್ರ ಮೇಲೆ ಸಿಟ್ಟು ಮಗು ಅತ್ತಾಗ ಬಿಟ್ಟಿದ್ದಕ್ಕಲ್ಲ ಕಣಮ್ಮ. ನಾನಿದ್ದಿದ್ರೂ ಬಿಟ್ಬಿಡ್ತಿದ್ನೇನೋ. ಆ ಮಾತನ್ನ ಅವತ್ತು ಆಸ್ಪತ್ರೆ ಬಾಗ್ಲಲ್ಲಿ ಎಲ್ರ ಮುಂದೆ ಅಂದ್ರು. ಅಲ್ಲ ಅನ್ನೋದನ್ನ ಮಾತ್ರ ಮನೆ ಮೂಲೇಲಿ ನನ್ನೊಬ್ಬಳಿಗೆ ಹೇಳಿದ್ರು. ಅದು ಯಾವ ನ್ಯಾಯ?"

"ಅವರಿಗೆ ನಾನು ಹೇಳಲಾ?"

"ಹೇಳು. ಅವತ್ತು ಯಾರ್ ಯಾರು ಇದ್ರೋ ಅವ್ರೆಲ್ಲ ಇರೋ ಹೊತ್ತಲ್ಲಿ ಹೇಳ್ಲಿ. ಆಮೇಲೆ ನೋಡೋಣ."

ಕಾಂತರಾಜು ಅವರಿಗೆ ಹಾಗೆಯೇ ತಿಳಿಸಿದೆ. ಮರುಮಾತಿಲ್ಲದೆ ಒಪ್ಪಿಕೊಂಡರು. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಮತ ತೀರಿಕೊಂಡ ದಿನ, ಅವರ ಮನೆಯಲ್ಲಿ ಎಡೆ ಇಟ್ಟು ಹತ್ತಿರದ ನೆಂಟರಿಗೆ ಊಟ ಹಾಕುವ ರೂಢಿ. "ನೀವೂ ಬರ್ಬೇಕು ಮೇಡಂ. ನೀವಿದ್ರೆ ಹೇಳೋಕೆ ಧೈರ್ಯ ಬರುತ್ತೆ" ಅಂದರು. ಹೋದೆ.

ನರಸಮ್ಮ ಹಿಂದಿನ ದಿನವೇ ತಂಗಿಯ ಜೊತೆ ಬಂದು ಅಡುಗೆಗೆ ನಿಂತಿದ್ದರು. ಗಂಡನ ಜೊತೆ ಮಾತಿಲ್ಲ. ಗೋಡೆಯ ಮೇಲೆ ಸ್ಕೂಲ್ ಯೂನಿಫಾರ್ಮಿನಲ್ಲಿ ಎರಡು ಜಡೆಯ ಹುಡುಗಿಯ ಫೋಟೋ. ಅಷ್ಟು ದಿನದಿಂದ ಹೆಸರು ಕೇಳಿದ್ದರೂ ಮುಖ ನೋಡಿದ್ದು ಆಗಲೇ. ಗಲ್ಲದಲ್ಲಿ ಅಪ್ಪನ ಹಾಗೆಯೇ ಗುಳಿ. ಕೆಳಗೆ ಬಾಳೆಯೆಲೆಯ ಮೇಲೆ ಚಿತ್ರಾನ್ನ, ಪಾಯಸ, ಅವಳಿಗೆ ಇಷ್ಟವಾಗಿದ್ದ ಮಾವಿನಹಣ್ಣಿನ ಹೋಳು. ಹದಿನೈದು ಇಪ್ಪತ್ತು ಜನ ಸೇರಿದ್ದರು. ಕಾಂತರಾಜು ಅವರ ಅಕ್ಕ ದ್ಯಾವಮ್ಮ ಎಲ್ಲರ ನಡುವೆ ಚಾಪೆಯ ಮೇಲೆ ಕೂತು, ಸೊಸೆಯಂದಿರಿಗೆ ಅದು ತನ್ನಿ ಇದು ತನ್ನಿ ಎಂದು ಹೇಳುತ್ತಿದ್ದರು.

ಪೂಜೆ ಆಯಿತು. ಎಲೆ ಹಾಕುವ ಮುಂಚೆ ಕಾಂತರಾಜು ಎದ್ದು ನಿಂತರು.

"ಒಂದು ಮಾತು ಹೇಳೋದಿದೆ. ಎಲ್ರೂ ಕೇಳಿಸ್ಕೊಳ್ಳಿ."

ಬಸ್ಸಿನಲ್ಲಿ ನೂರು ಜನಕ್ಕೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ದನಿ ಅವತ್ತು ಆ ಹಜಾರಕ್ಕಷ್ಟೇ ಸಾಲುವಂತಿತ್ತು. ತಡವರಿಸುತ್ತ ಹೇಳಿದರು: ಮಮತನ ಕಾಯಿಲೆ ನೀರಿನಿಂದ ಬಂದದ್ದಲ್ಲ, ನೂಲಿನ ಕೆಲಸದಿಂದ ಬಂದದ್ದಲ್ಲ. ಡಾಕ್ಟರನ್ನು ಕೇಳಿದ್ದೇನೆ. ಸೂಜಿ ಹಾಕಿಸುತ್ತಲೇ ಇದ್ದಿದ್ದರೆ ಅವಳು ಬದುಕಿ ಉಳಿಯುವ ಭರವಸೆ ಇತ್ತು. ಅದನ್ನು ನಿಲ್ಲಿಸಿದವನು ನಾನು. ಮನೆಯಲ್ಲಿ ಸುಳ್ಳು ಹೇಳಿದವನೂ ನಾನು. ಇವಳದು ಏನೂ ತಪ್ಪಿರಲಿಲ್ಲ. ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ನಾನು ಅಂದ ಮಾತು ಅನ್ಯಾಯದ್ದು.

ದ್ಯಾವಮ್ಮ, "ಹೋಗ್ಲಿ ಬಿಡೋ ಕಾಂತ. ಹಳೇದೆಲ್ಲ ಯಾಕೀಗ? ಊಟದ ಹೊತ್ತಲ್ಲಿ" ಅಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನರಸಮ್ಮ ಹೇಳಿದರು, "ಬಿಡೋಕಾಗಲ್ಲ ಅತ್ತಿಗೆ. ಹನ್ನೊಂದು ವರ್ಷ ನೀವ್ಯಾರೂ ಬಿಡ್ಲಿಲ್ಲ. ವರ್ಷ ವರ್ಷ ಈ ದಿನ ಬಂದು, ಇಲ್ಲೇ ಕೂತು, ಆ ನೀರಿನ ಮಾತೆತ್ತದೆ ಎದ್ದು ಹೋಗಿಲ್ಲ. ನಾನು ನಿಮಗೆಲ್ಲ ಬಡಿಸ್ತಾನೇ ಕೇಳಿಸ್ಕೊಂಡಿದೀನಿ."

ದ್ಯಾವಮ್ಮ ತಲೆ ತಗ್ಗಿಸಿದರು. ನರಸಮ್ಮ ಒಳಗೆ ಹೋಗಿ ಸೌದೆ ಒಲೆಯ ಮುಂದೆ ಕೂತು ಅತ್ತರು. ಮಗಳು ಸತ್ತ ದಿನವೂ ಅವರು ಗಟ್ಟಿಯಾಗಿ ಅತ್ತಿರಲಿಲ್ಲವೆಂದು ಆಮೇಲೆ ಪಾಪಕ್ಕ ನನಗೆ ಹೇಳಿದರು. ಅಳುವ ಹಕ್ಕು ತನಗಿಲ್ಲವೆಂದು ಅಂದುಕೊಂಡಿದ್ದರಂತೆ. ನೆಂಟರು ಎಲೆಯ ಮುಂದೆ ಕೂತರೂ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕಾಂತರಾಜು ಹೊರಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ನಾನು ಕರೆದೆ. "ನೀವು ಮಾಡಿ ಮೇಡಂ" ಅಂದರು.

ನರಸಮ್ಮ ಮತ್ತೆ ಸಮೇತನಹಳ್ಳಿಗೆ ಹೋಗಲಿಲ್ಲ. ಮನೆಯಲ್ಲೇ ಉಳಿದರು. ಅದನ್ನು ಕ್ಷಮಿಸಿದ್ದು ಎನ್ನಲು ನನಗೆ ಧೈರ್ಯವಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಅವ್ರೂ ತಾನೆ ಮಗಳನ್ನ ಕಳ್ಕೊಂಡೋರು. ನಾನು ಹೋದ್ರೆ ಅವ್ರಿಗೆ ಯಾರಿದಾರೆ?" ಅಂದರು. ಆಮೇಲೆ, "ಒಂದೊಂದು ದಿನ ಅವ್ರ ಮುಖ ನೋಡೋಕಾಗಲ್ಲ. ಆ ದಿನ ಹೊಲದ ಕಡೆ ಹೋಗಿಬಿಡ್ತೀನಿ" ಎಂದರು.

ಕಾಂತರಾಜು ಬಹಳ ಕುಗ್ಗಿದರು. ಡ್ಯೂಟಿಯಲ್ಲಿ ಗಮನ ತಪ್ಪಿ, ಇಳಿಯುವವರು ಇಳಿಯುವ ಮುಂಚೆ ರೈಟ್ ಅಂದುಬಿಡುತ್ತಿದ್ದರಂತೆ. ಆ ವರ್ಷದ ಕೊನೆಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಜ್ಯೋತಿಲಕ್ಷ್ಮಿ ಡಾಕ್ಟರು ಸುತ್ತಲ ಸ್ಕೂಲುಗಳಲ್ಲಿ ಮಕ್ಕಳ ತಪಾಸಣೆ ಇಟ್ಟುಕೊಂಡಾಗ, ತಂದೆತಾಯಿಗಳ ಮುಂದೆ ನಾಲ್ಕು ಮಾತು ಹೇಳಿ ಎಂದು ಅವರನ್ನು ಕೇಳಿದರು. ಕಾಂತರಾಜು ಒಂದು ಸ್ಕೂಲಿಗೆ ಹೋಗಿ, ಮೈಕಿನ ಮುಂದೆ ನಿಂತು, ಮಾತು ಹೊರಡದೆ ಕೈ ಮುಗಿದು ಇಳಿದು ಬಂದರು. ಮತ್ತೆ ಯಾರೂ ಒತ್ತಾಯ ಮಾಡಲಿಲ್ಲ.

ಈಗ ನಮ್ಮ ಶನಿವಾರದ ಕಾರ್ಯಕ್ರಮಕ್ಕೆ ನರಸಮ್ಮ ಬರುತ್ತಾರೆ. ಸಿನಿಮಾಕ್ಕಷ್ಟೇ ಅಲ್ಲ, ಉಪನ್ಯಾಸಕ್ಕೂ. ಓದು ಬರದಿದ್ದರೂ ಮೊದಲ ಸಾಲಿನಲ್ಲೇ ಕೂರುತ್ತಾರೆ, ತಿಳಿಯದಿದ್ದರೆ ಕೈಯೆತ್ತಿ ಕೇಳುತ್ತಾರೆ. ಕಾಂತರಾಜು ಮೊಪೆಡ್ಡಿನಲ್ಲಿ ಅವರನ್ನು ಕರೆತಂದು ಬಿಟ್ಟು, ಗೇಟಿನಾಚೆ ಹೊಂಗೆ ಮರದ ಕೆಳಗೆ ಕಾಯುತ್ತಾರೆ. ಒಳಗೆ ಬನ್ನಿ ಸಾರ್ ಎಂದು ನಾನು ಎಷ್ಟೋ ಸಲ ಕರೆದಿದ್ದೇನೆ. "ಬೇಡ ಮೇಡಂ. ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುತ್ತಾರೆ.

ಹೋದ ಶನಿವಾರ ನದಿಗಳ ಬಗ್ಗೆ ಮಾತಿತ್ತು. ಮುಗಿದ ಮೇಲೆ ನರಸಮ್ಮನವರ ಜೊತೆ ಗೇಟಿನ ತನಕ ನಾನೂ ಹೋದೆ. ಕಾಂತರಾಜು ಎದ್ದು ಮೊ​ಪೆಡ್ಡಿನ ಸೀಟಿನ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಿಂದ ಸರಿಸಿದರು.

"ಇವತ್ತು ಏನ್ ಹೇಳಿದ್ರು?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದರು.

ನರಸಮ್ಮ ಹಿಂದೆ ಕೂತು ಸೆರಗು ಸಿಕ್ಕಿಸಿಕೊಂಡರು. "ದಾರೀಲಿ ಹೇಳ್ತೀನಿ, ನಡೀರಿ" ಅಂದರು.